ಅಡಿಕೆಯ ತೋಟವೂ ಸಸ್ಯವಿಜ್ಞಾನವೂ

ಆಟಿ ತಿಂಗಳ ಮಳೆಯು ಬಿಡದೆ ಹಿಡಿದಿರುವಾಗ, ಮೂಡಬಿದಿರೆಗೆ ಪೂರ್ವದಲ್ಲಿರುವ ಶಿರ್ತಾಡಿಯ ಯಾವುದಾದರೊಂದು ಅಡಿಕೆಯ ತೋಟದಲ್ಲಿ ಅರ್ಧ ಗಳಿಗೆ ನಿಂತು ಕೇಳಿರಿ. ಮಳೆಯ ಸದ್ದಿನ ನಡುವೆ ಎಳೆಗಾಯಿಗಳು ಗೊನೆಯಿಂದ ಕಳಚಿ, ಒಂದೊಂದಾಗಿ ಸೋಗೆಯ ಮೇಲೆಯೂ ಕೆಸರಿನ ಮೇಲೆಯೂ ಬೀಳುವ ಸದ್ದು ಕಿವಿಗೆ ಬೀಳುವುದು. ಬಿದ್ದ ಕಾಯನ್ನೆತ್ತಿ ನೋಡಿದರೆ ತೊಟ್ಟಿನ ಬಳಿ ನೀರು ಹಿಡಿದಂತಹ ಕಡುಹಸುರು ಕಲೆ. ಎರಡು ದಿನ ಕಳೆದರೆ ಅದರ ಮೇಲೆಲ್ಲ ಬಿಳಿಯ ಬೂಷ್ಟು. ಇದೇ ಕೊಳೆರೋಗ, ನಮ್ಮ ಹಳ್ಳಿಗರ ಮಾತಿನಲ್ಲಿ ಮಹಾಳಿ. ತೋಟದ ಯಜಮಾನನು ಆ ಸದ್ದನ್ನು ಎಣಿಸುತ್ತ ಜಗಲಿಯಲ್ಲಿ ಕುಳಿತಿರುವನು. ಮಳೆ ಬಿಟ್ಟ ಹೊರತು ಅವನಿಗೆ ಮಾಡಲು ಮತ್ತೊಂದು ಕೆಲಸವಿಲ್ಲ.

ಪೇಟೆಯಲ್ಲಿ ವಾಸಿಸುವ ನಾವೂ, ಕಚೇರಿಯಲ್ಲಿ ಕುಳಿತು ಪಹಣಿ ನೋಡುವ ಅಧಿಕಾರಿಗಳೂ ಇದನ್ನು ಬೇಸಾಯಗಾರನ ಮನೆಯ ಸಂಕಟವೆಂದು ಭಾವಿಸಿ ಸುಮ್ಮನಿರುವುದು ವಾಡಿಕೆಯಾಗಿದೆ. ಆದರೆ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಯ ಪೇಟೆಗಳಲ್ಲಿ ಜವಳಿ ಅಂಗಡಿಯ ವ್ಯಾಪಾರವಾಗಲಿ, ಸಹಕಾರಿ ಸಂಘದ ಸಾಲದ ವಸೂಲಾತಿಯಾಗಲಿ, ಮಕ್ಕಳ ಕಾಲೇಜಿನ ಶುಲ್ಕವಾಗಲಿ, ಕೊನೆಗೆ ಹೋಗಿ ನಿಲ್ಲುವುದು ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಯ ಮೇಲೆಯೇ. ಈ ಮರದ ಸ್ಥಿತಿಯನ್ನು ಸುಧಾರಿಸಬಲ್ಲ ವಿದ್ಯೆಯನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಅದು ಬಂಟವಾಳ ತಾಲೂಕಿನ ವಿಟ್ಲದಲ್ಲಿಯೇ ಇದೆ. ಆದರೆ ಆ ವಿದ್ಯೆಯು ಪ್ರಯೋಗಶಾಲೆಯಿಂದ ತೋಟಕ್ಕೆ ಇಳಿಯುವ ದಾರಿಯು ಬಹಳ ಕಿರಿದಾಗಿದೆ. ಆ ದಾರಿಯನ್ನು ಅಗಲಮಾಡುವ ಹೊಣೆಯು ನಮ್ಮೆಲ್ಲರದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಕೋಲ್ಮನ್ ಸಾಹೇಬರ ಮದ್ದು

ಮಹಾಳಿಗೆ ಶಾಸ್ತ್ರೋಕ್ತವಾದ ಮದ್ದು ದೊರೆತ ಕಥೆಯನ್ನು ಮೊದಲು ನೆನೆಯಬೇಕು. ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನ ತೋಟಗಾರರಿಗೆ ತಿಳಿದಿದ್ದ ಉಪಾಯ ಒಂದೇ: ಮಳೆಗೆ ಮೊದಲು ಮರವೇರಿ ಗೊನೆಗೊನೆಗೂ ಕೊಟ್ಟೆ ಕಟ್ಟುವುದು. ಕೋಲ್ಮನ್ನರು ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿ, ಇದು ಮಳೆಯ ನೀರಿನಿಂದ ಹುಟ್ಟುವ ಕೊಳೆಯಲ್ಲ, ಫೈಟೋಫ್ತೊರ ಎಂಬ ಸೂಕ್ಷ್ಮಜೀವಿಯ ಕೃತ್ಯವೆಂದು ನಿರ್ಣಯಿಸಿದರು. ಅವರ ವರದಿಯು 1910ರಲ್ಲಿ ಪ್ರಕಟವಾಯಿತು. 1845ರಲ್ಲಿ ಐರ್ಲೆಂಡಿನ ಬಟಾಟೆಯ ಬೆಳೆಯನ್ನು ಸುಟ್ಟು ಲಕ್ಷಾಂತರ ಜನರನ್ನು ಕ್ಷಾಮಕ್ಕೆ ಬಲಿಗೊಟ್ಟ ರೋಗಾಣುವೂ ಇದೇ ಕುಲದ್ದು. ಇದರ ಬೀಜಾಣುಗಳಿಗೆ ಸಣ್ಣ ಬಾಲಗಳಿದ್ದು ಅವು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೈಮೇಲೆ ತೆಳುವಾದ ನೀರಿನ ಪದರವಿದ್ದರೆ ಅವುಗಳ ಸಂಚಾರಕ್ಕೆ ಅಷ್ಟೇ ಸಾಕು.

ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿಯ ತೋಟಗಳಲ್ಲಿ ಮಿಲಾರ್ಡೆ ಎಂಬ ಪಂಡಿತರು 1885ರಲ್ಲಿ ಪ್ರಸಿದ್ಧಿಪಡಿಸಿದ ಮೈಲುತುತ್ತು-ಸುಣ್ಣದ ದ್ರಾವಣವನ್ನು ಕೋಲ್ಮನ್ನರು ಅಡಿಕೆಗೆ ಪ್ರಯೋಗಿಸಿದರು. ನಮ್ಮ ಜಡಿಮಳೆಗೆ ಅದು ತೊಳೆದುಹೋಗದಂತೆ ರಾಳವನ್ನೂ ಸೋಡವನ್ನೂ ಸೇರಿಸಿದರು. ಫಲವು ಕಣ್ಣಿಗೆ ಕಾಣುವಂತಹದಾಗಿತ್ತು. ಘಟ್ಟದ ಮೇಲಿನ ಮದ್ದು ಘಟ್ಟದ ಕೆಳಗೂ ಇಳಿಯಿತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕವನ್ನು ಇಂದು ಶಿರ್ತಾಡಿಯ ಶಾಲೆಯ ಹುಡುಗನೂ ಹೇಳಬಲ್ಲನು. ದ್ರಾವಣದಲ್ಲಿ ಮಸೆದ ಕತ್ತಿಯನ್ನು ಅದ್ದಿ ನೋಡುವುದು, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಇನ್ನಷ್ಟು ಹಾಕುವುದು ಮುಂತಾದ ಪರೀಕ್ಷೆಯೂ ನಮ್ಮವರಿಗೆ ಕರತಲಾಮಲಕವಾಗಿದೆ. ಪ್ರಯೋಗಶಾಲೆಯ ಒಂದು ವಿದ್ಯೆಯು ಹಳ್ಳಿಯ ವಿದ್ಯೆಯೇ ಆಗಿಹೋದ ಉದಾಹರಣೆಯಿದು.

ಅದಿರಲಿ. ಈ ಮದ್ದು ರೋಗವನ್ನು ತಡೆಯುವುದೇ ಹೊರತು ಹಿಡಿದ ರೋಗವನ್ನು ಗುಣಪಡಿಸಲಾರದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಮದ್ದು ಬಿಡಲೇಬೇಕು. ಆ ಎರಡನೆಯ ಸರದಿಯು ಬರುವ ಹೊತ್ತಿಗೆ ಸರಿಯಾಗಿ ಮಳೆಯು ಬಿಡುವು ಕೊಡದೆ ಹೋದರೆ ಮೊದಲಿನ ಶ್ರಮವೆಲ್ಲ ನೀರಿಗೆ ಹೋಯಿತೆಂದೇ ತಿಳಿಯಬೇಕು. 2013ರ ಮಳೆಗಾಲದಲ್ಲಿ ಹೀಗೆಯೇ ಆಗಿ ಕರಾವಳಿ ಮಲೆನಾಡುಗಳ ತೋಟಗಾರರು ಗೋಳಾಡಿದರು. ಮೇಲಾಗಿ ಐವತ್ತು ಅಡಿಯೆತ್ತರದ, ನೆನೆದು ಪಾಚಿಗಟ್ಟಿದ ಮರವನ್ನು ಏರುವವನು ಯಾರು? ಆ ಕಸುಬನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು. ಏರುವವನ ಪ್ರಾಣವೂ ಅಗ್ಗದ್ದಲ್ಲ. ಆದುದರಿಂದ ಮರದ ಮೇಲೆ ಮದ್ದು ಸುರಿಯುವುದರ ಜತೆಗೆ ಮರವನ್ನೇ ತಿದ್ದುವ ಯೋಚನೆಯು ಅವಶ್ಯವಾಯಿತು. ಇಲ್ಲಿಂದ ಮುಂದೆ ಪ್ರಶ್ನೆಯು ಸಸ್ಯದ ಸಂತಾನಕ್ಕೆ ಸಂಬಂಧಿಸಿದ್ದು.

ತಂದೆಯ ಹೆಸರು ತಿಳಿಯದ ಸಸಿ

ಮಾವು, ಗೇರುಗಳಲ್ಲಿ ಒಂದು ಒಳ್ಳೆಯ ಮರ ದೊರೆತರೆ ಅದರ ಕಡ್ಡಿಯನ್ನು ಬೇರೊಂದು ಸಸಿಗೆ ಕಸಿಮಾಡಿ ಅದೇ ಗುಣದ ಸಾವಿರ ಮರಗಳನ್ನು ಮಾಡಬಹುದು. ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಗೇರು ಸಂಶೋಧನ ಕೇಂದ್ರವು ನಮ್ಮ ಗುಡ್ಡಗಳಿಗೆ ಉತ್ತಮ ಗೇರಿನ ಕಸಿಗಿಡಗಳನ್ನು ಹಂಚಲು ಸಾಧ್ಯವಾದುದು ಈ ಕಾರಣದಿಂದಲೇ. ಅಡಿಕೆ ತೆಂಗುಗಳಿಗೆ ಈ ಭಾಗ್ಯವಿಲ್ಲ. ಮಾವಿನ ಕಾಂಡದ ತೊಗಟೆಯ ಒಳಗೆ ಬೆಳೆಯುವ ಜೀವಕೋಶಗಳ ಒಂದು ಉಂಗುರವಿದೆ; ಕಡ್ಡಿಯೂ ಸಸಿಯೂ ಒಂದಕ್ಕೊಂದು ಬೆಸೆದುಕೊಳ್ಳುವುದು ಆ ಉಂಗುರದಲ್ಲಿ. ತಾಳೆಯ ಜಾತಿಯ ಮರಗಳಲ್ಲಿ ಆ ಉಂಗುರವೇ ಇಲ್ಲ. ಅಡಿಕೆಯ ಮರಕ್ಕೆ ಕವಲಿಲ್ಲ, ಬುಡದಲ್ಲಿ ಮರಿಯಿಲ್ಲ, ನೆತ್ತಿಯಲ್ಲಿರುವುದು ಒಂದೇ ಒಂದು ಮೊಳಕೆ. ಅದನ್ನು ಕಿತ್ತರೆ ಮರವೇ ಸಾಯುವುದು. ಹಾಗಾಗಿ ಬೀಜದಿಂದಲ್ಲದೆ ಅಡಿಕೆಯ ವಂಶವು ಬೆಳೆಯಲಾರದು.

ಬೀಜವೆಂದ ಮೇಲೆ ತಾಯಿಯೂ ಬೇಕು, ತಂದೆಯೂ ಬೇಕು. ಅಡಿಕೆಯ ಹಿಂಗಾರದಲ್ಲಿ ಗಂಡುಹೂಗಳು ಮೊದಲು ಅರಳಿ ಉದುರುವುವು. ಹೆಣ್ಣುಹೂಗಳು ಆ ಬಳಿಕ ಅರಳುವುವು. ತನ್ನ ಹಿಂಗಾರದ ಪರಾಗವು ತನಗೆ ದೊರೆಯದ ಕಾರಣ, ಗಾಳಿಯು ತಂದ ಅಕ್ಕಪಕ್ಕದ ಮರಗಳ ಪರಾಗವೇ ಗತಿ. ಹೀಗಾಗಿ ಒಳ್ಳೆಯ ಮರವೊಂದರಿಂದ ಆರಿಸಿದ ಗೋಟಿಗೆ ತಾಯಿ ಯಾರೆಂಬುದು ತಿಳಿದಿರುವುದು, ತಂದೆ ಯಾರೆಂಬುದು ತಿಳಿಯದು. ಸಸಿಯನ್ನು ನೆಟ್ಟು ಐದಾರು ವರ್ಷ ಗೊಬ್ಬರ ನೀರು ಕೊಟ್ಟು ಫಸಲು ಕಂಡಾಗಲೇ ಗುಟ್ಟು ಬಯಲಾಗುವುದು. ಭತ್ತದ ತಳಿಯು ಕೈಕೊಟ್ಟರೆ ಮುಂದಿನ ಸುಗ್ಗಿಯಲ್ಲಿ ತಿದ್ದಿಕೊಳ್ಳಬಹುದು. ಅಡಿಕೆಯು ಕೈಕೊಟ್ಟರೆ ಮನುಷ್ಯನ ಆಯುಷ್ಯದ ಒಂದು ಭಾಗವೇ ಹೋಯಿತು.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಶಿರ್ತಾಡಿಯ ಸಮೀಪದ ನಮ್ಮ ಕುಟುಂಬದ ತೋಟಕ್ಕೆ ಹನ್ನೆರಡು ವರ್ಷಗಳ ಹಿಂದೆ ಇನ್ನೂರು ಸಸಿಗಳನ್ನು ಗಿಡ್ಡತಳಿಯವೆಂಬ ಭರವಸೆಯ ಮೇಲೆ ಹೆಚ್ಚಿನ ಕ್ರಯ ಕೊಟ್ಟು ತರಿಸಿದೆವು. ಮೂರು ವರ್ಷ ಎಲ್ಲವೂ ಒಂದೇ ರೀತಿಯಲ್ಲಿದ್ದುವು. ಆಮೇಲೆ ಕೆಲವು ಗಿಡ್ಡವಾಗಿಯೇ ನಿಂತುವು, ಕೆಲವು ಆಕಾಶಕ್ಕೆ ಹೊರಟುವು, ಮತ್ತೆ ಕೆಲವು ಹಿಂಗಾರವನ್ನೇ ಬಿಡಲಿಲ್ಲ. ಮಾರಿದವರನ್ನು ಕೇಳಿದರೆ, ನಿಜವಾದ ಗಿಡ್ಡತಳಿಯ ಮರಗಳಿಂದಲೇ ಬೀಜ ತೆಗೆದೆವೆಂದು ಸತ್ಯಮಾಡಿ ಹೇಳಿದರು. ಅವರ ಮಾತು ಸುಳ್ಳಿರಲಾರದು, ಮೋಸವಿರುವುದೂ ಅಲ್ಲಿಯೇ. ಮಿಶ್ರತಳಿಯ ಮರದ ಬೀಜವನ್ನು ಬಿತ್ತಿದರೆ ಮುಂದಿನ ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಗುಣಗಳು ಬೇರೆ ಬೇರೆಯಾಗಿ ಒಡೆದು ಬರುವುವೆಂಬುದು ಮೆಂಡೆಲ್ ಮಹಾಶಯರು 1866ರಲ್ಲಿಯೇ ಬಟಾಣಿಯಿಂದ ತೋರಿಸಿಕೊಟ್ಟ ನಿಯಮ. ಆ ನಿಯಮವನ್ನು ತಿಳಿಯದ ಮಾರಾಟಗಾರನೂ, ಅದನ್ನು ಕೇಳದ ಕೊಳ್ಳುಗನೂ ಸೇರಿ ಆರು ವರ್ಷವನ್ನು ಹಾಳುಮಾಡಿದಂತಾಯಿತು.

ವಿಟ್ಲದ ಕೆಲಸ

ಅಡಿಕೆಯ ಸಂಶೋಧನೆಗೆಂದೇ ವಿಟ್ಲದಲ್ಲಿ ಕೇಂದ್ರವೊಂದು ಸ್ಥಾಪಿತವಾದುದು 1956ರಲ್ಲಿ. ತೆಂಗಿನ ಸಂಶೋಧನೆಯಾದರೋ ಕಾಸರಗೋಡಿನಲ್ಲಿ 1916ರಲ್ಲಿಯೇ ಮದರಾಸು ಸರಕಾರದಿಂದ ಆರಂಭವಾಗಿತ್ತು. 1970ರಲ್ಲಿ ಇವುಗಳನ್ನು ಒಂದುಗೂಡಿಸಿ ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯನ್ನು ರಚಿಸಲಾಯಿತು. ವಿಟ್ಲವು ಅದರ ಪ್ರಾದೇಶಿಕ ಕೇಂದ್ರವಾಗಿ ಮುಂದುವರಿದಿದೆ. ಇಲ್ಲಿಯ ವಿದ್ವಾಂಸರು ಚೀನಾ, ಇಂಡೋನೇಷ್ಯಾ, ಸಿಂಗಾಪುರ, ಸೈಗಾನುಗಳಿಂದಲೂ ನಮ್ಮದೇ ಬಂಗಾಳ ಅಸ್ಸಾಮುಗಳಿಂದಲೂ ಅಡಿಕೆಯ ಬೀಜಗಳನ್ನು ತರಿಸಿ, ಒಂದೇ ನೆಲದಲ್ಲಿ ಬೆಳೆಸಿ, ವರ್ಷಗಟ್ಟಲೆ ಗೊನೆಗಳನ್ನು ತೂಗಿ, ಮಂಗಳ, ಸುಮಂಗಳ, ಶ್ರೀಮಂಗಳ, ಸ್ವರ್ಣಮಂಗಳ, ಮೋಹಿತನಗರ ಮುಂತಾದ ತಳಿಗಳನ್ನು ಆರಿಸಿ ಕೊಟ್ಟರು. ಮಂಗಳ ತಳಿಯು 1972ರಲ್ಲಿ ಹೊರಬಂದಿತು. ಒಂದು ತಳಿಯನ್ನು ಆರಿಸುವುದಕ್ಕೆ ಒಬ್ಬ ವಿದ್ವಾಂಸನ ಉದ್ಯೋಗಜೀವನದ ಅರ್ಧವೇ ಬೇಕಾಗುವ ಈ ಕೆಲಸದಲ್ಲಿ ಚಪ್ಪಾಳೆಯಿಲ್ಲ, ಮೆರವಣಿಗೆಯಿಲ್ಲ. ಇಂತಹ ಕೆಲಸಕ್ಕೆ ವರ್ಷವರ್ಷವೂ ಲಾಭವೆಷ್ಟೆಂದು ಲೆಕ್ಕ ಕೇಳುವವರು ಅಡಿಕೆಯ ಸ್ವಭಾವವನ್ನು ಅರಿತವರಲ್ಲ.

ಎತ್ತರದ ಸಮಸ್ಯೆಗೆ ಪರಿಹಾರವು ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಕಂಡುಬಂದಿತು. ಪ್ರಕೃತಿಯೇ ಅಲ್ಲಿ ಗಿಡ್ಡವಾದ ಅಡಿಕೆಯನ್ನು ಹುಟ್ಟಿಸಿತ್ತು. ಆದರೆ ಅದರ ಇಳುವರಿ ಕಡಿಮೆ. ಆ ಹಿರೇಹಳ್ಳಿ ಗಿಡ್ಡತಳಿಯನ್ನು ಸುಮಂಗಳ, ಮೋಹಿತನಗರಗಳೊಡನೆ ಸಂಕರಮಾಡಿ ವಿಟ್ಲದವರು ಎರಡು ಮಿಶ್ರತಳಿಗಳನ್ನು ಪಡೆದರು. ನೆಲದ ಮೇಲೆ ನಿಂತೇ ಅನೇಕ ವರ್ಷ ಕೊಯ್ಯಬಹುದಾದ, ಮದ್ದು ಬಿಡಲು ಪ್ರಾಣವನ್ನು ಪಣವಿಡಬೇಕಾಗಿಲ್ಲದ ಮರಗಳಿವು. ತೊಡಕು ಎಲ್ಲಿಯೆಂದರೆ, ಪ್ರತಿಯೊಂದು ಬೀಜಕ್ಕೂ ಗಿಡ್ಡ ಮರದ ಹಿಂಗಾರದ ಗಂಡುಹೂಗಳನ್ನು ತೆಗೆದು, ಚೀಲ ಕಟ್ಟಿ, ಪರಾಗವನ್ನು ಕೈಯಿಂದಲೇ ಹಾಕಬೇಕು. ಬೇಡುವ ತೋಟಗಾರರು ಸಾವಿರಾರು. ಹುಟ್ಟುವ ಸಸಿಗಳು ಸ್ವಲ್ಪ. ಈ ಅಂತರದಲ್ಲಿಯೇ ನಮ್ಮಂತಹವರಿಗೆ ಮೋಸವಾಗುವ ಅವಕಾಶವು ಹುಟ್ಟಿದುದು.

ಗಾಜಿನ ಪಾತ್ರೆಯ ತೋಟ

ಈ ಕಟ್ಟನ್ನು ಬಿಚ್ಚಬಲ್ಲುದು ಅಂಗಾಂಶ ಕೃಷಿಯೆಂಬ ವಿದ್ಯೆ. ಗಿಡದ ಒಂದೊಂದು ಜೀವಕೋಶದಲ್ಲಿಯೂ ಇಡೀ ಗಿಡವಾಗುವ ಶಕ್ತಿಯು ಅಡಗಿದೆಯೆಂದು ಆಸ್ಟ್ರಿಯ ದೇಶದ ಹಾಬರ್ಲಾಂಟ್ ಎಂಬವರು 1902ರಲ್ಲಿ ಊಹಿಸಿದರು. ಆ ಊಹೆಯು ಕಾರ್ಯರೂಪಕ್ಕೆ ಬರುವಲ್ಲಿ ನಮ್ಮವರ ಪಾಲೂ ಇದೆ. ದೆಹಲಿ ವಿಶ್ವವಿದ್ಯಾನಿಲಯದ ಶಿಪ್ರಾ ಗುಹಾ ಮತ್ತು ಸತೀಶಚಂದ್ರ ಮಾಹೇಶ್ವರಿಯವರು 1964ರಲ್ಲಿ ಉಮ್ಮತ್ತಿಯ ಹೂವಿನ ಪರಾಗಕೋಶದಿಂದ ಗಾಜಿನ ನಳಿಕೆಯಲ್ಲಿ ಸಸಿಯನ್ನು ಪಡೆದು ಲೋಕದ ವಿದ್ವಾಂಸರನ್ನು ಬೆರಗುಗೊಳಿಸಿದರು. ನಮ್ಮ ಹಿತ್ತಿಲ ಬೇಲಿಯ ಉಮ್ಮತ್ತಿಯು ಹೀಗೆ ವಿಜ್ಞಾನದ ಚರಿತ್ರೆಯನ್ನು ಸೇರಿತು.

ಅಡಿಕೆಯಲ್ಲಿ ಈ ವಿದ್ಯೆಯನ್ನು ಸಾಧಿಸಿದವರು ಕಾಸರಗೋಡಿನ ಸಂಸ್ಥೆಯವರು. ಡಾಕ್ಟರ್ ಅನಿತಾ ಕರುಣ್ ಮತ್ತು ಅವರ ಸಹಕಾರಿಗಳು ಎಲೆಯಿಂದಲೂ ಎಳೆಯ ಹಿಂಗಾರದಿಂದಲೂ ಸಸಿಗಳನ್ನು ಪಡೆದ ಕ್ರಮವನ್ನು 2004ರಲ್ಲಿ ಪ್ರಕಟಿಸಿದರು. ಹಾಳೆಯ ಒಳಗೆ ಇನ್ನೂ ಮುಚ್ಚಿರುವ ಹಿಂಗಾರದ ಚೂರುಗಳನ್ನು ಕ್ರಿಮಿಶುದ್ಧಮಾಡಿ, ಸಕ್ಕರೆ, ಲವಣ ಮತ್ತು ಸಸ್ಯಪ್ರಚೋದಕಗಳಿರುವ ಪಾಕದಲ್ಲಿ ಇಟ್ಟರೆ, ಅವು ಮೊದಲು ಆಕಾರವಿಲ್ಲದ ಮುದ್ದೆಯಾಗಿ, ಬಳಿಕ ಸಣ್ಣ ಭ್ರೂಣಗಳಾಗಿ, ಕ್ರಮೇಣ ಬೇರೆಲೆಗಳುಳ್ಳ ಸಸಿಗಳಾಗುವುವು. ಗಾಜಿನೊಳಗಿನ ಸುಕುಮಾರ ಸಸಿಯನ್ನು ಆಮೇಲೆ ಬಿಸಿಲು ಗಾಳಿಗಳಿಗೆ ಗಟ್ಟಿಮಾಡಬೇಕು. ಹಿಂಗಾರವನ್ನು ತೆಗೆದರೆ ಮರವು ಸಾಯುವುದಿಲ್ಲ; ಫಸಲು ಕೊಟ್ಟು ತನ್ನ ಯೋಗ್ಯತೆಯನ್ನು ತೋರಿಸಿದ ಮರದಿಂದಲೇ ಮಕ್ಕಳನ್ನು ಪಡೆಯಬಹುದು. ಇಲ್ಲಿ ತಂದೆಯ ಪ್ರಶ್ನೆಯೇ ಏಳುವುದಿಲ್ಲ.

ಈ ವಿದ್ಯೆಯ ಅತ್ಯಂತ ತುರ್ತಾದ ಉಪಯೋಗವು ಹಳದಿ ಎಲೆ ರೋಗದ ವಿಷಯದಲ್ಲಿದೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡುಗಳ ಕಡೆ ಹೋಗಿ ನೋಡಿದವರಿಗೆ ಅದರ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಸೋಗೆಯು ಹಳದಿಯಾಗಿ, ಶಿರವು ಕುಗ್ಗಿ, ತೋಟಕ್ಕೆ ತೋಟವೇ ಬರಡಾಗುವುದು. ಫೈಟೋಪ್ಲಾಸ್ಮವೆಂಬ ಅತಿಸೂಕ್ಷ್ಮ ಜೀವಿಯು ಇದಕ್ಕೆ ಕಾರಣ. ಒಂದು ಜಾತಿಯ ಜಿಗಿಹುಳವು ಅದನ್ನು ಮರದಿಂದ ಮರಕ್ಕೆ ಒಯ್ಯುವುದು. ಮೈಲುತುತ್ತು ಇದಕ್ಕೆ ನಾಟದು. ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧವಿಲ್ಲ. ಆದರೆ ಸುತ್ತಲೂ ಹಳದಿಯಾದ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮರವು ಹಸುರಾಗಿ ನಿಂತಿರುವುದುಂಟು. ಅಂತಹ ಮರಗಳನ್ನು ಗುರುತಿಸಿ, ಅವುಗಳ ಹಿಂಗಾರದಿಂದ ಸಸಿಗಳನ್ನು ಬೆಳೆಸುವ ಪ್ರಯತ್ನವು ನಡೆದಿದೆ. ಸುಳ್ಯದ ರೋಗವು ಶಿರ್ತಾಡಿಗೆ ಬರುವುದಕ್ಕೆ ಮೊದಲು ಈ ಪ್ರಯತ್ನವು ಫಲಿಸಬೇಕೆಂಬುದು ನಮ್ಮ ಹಂಬಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ಮರದ ಪ್ರತಿರೂಪಗಳನ್ನು ಊರೆಲ್ಲ ನೆಟ್ಟರೆ, ಆ ಮರವನ್ನು ಸೋಲಿಸಬಲ್ಲ ರೋಗವು ಊರನ್ನೆಲ್ಲ ಸೋಲಿಸುವುದು. ಆದಕಾರಣ ಅನೇಕ ತಾಯಿಮರಗಳಿಂದ ಸಸಿಗಳನ್ನು ಪಡೆಯಬೇಕು. ಹಳೆಯ ಊರ ತಳಿಗಳನ್ನೂ ಉಳಿಸಬೇಕು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು ಆರುನೂರೈವತ್ತಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದರು. ಒಬ್ಬ ಕೃಷಿಕನು ಭತ್ತಕ್ಕೆ ಮಾಡಿದುದನ್ನು ಒಂದು ಜಿಲ್ಲೆಯು ಅಡಿಕೆಗೆ ಮಾಡಲಾರದೆ?

ವಂಶವಾಹಿಯೂ ಒಡೆತನವೂ

ಪ್ರಪಂಚದಲ್ಲಿ ಅತ್ಯಂತ ಹೆಚ್ಚು ಅಡಿಕೆಯನ್ನು ಬೆಳೆಯುವ ದೇಶ ನಮ್ಮದು. ನಮ್ಮ ದೇಶದಲ್ಲಿ ಅತ್ಯಂತ ಹೆಚ್ಚು ಬೆಳೆಯುವ ರಾಜ್ಯ ಕರ್ನಾಟಕ. ಹೀಗಿದ್ದೂ ಅಡಿಕೆಯ ವಂಶವಾಹಿಗಳ ಪೂರ್ಣಲಿಪಿಯನ್ನು ವರ್ಣತಂತುಗಳ ಕ್ರಮದಲ್ಲಿ ಓದಿ 2021ರಲ್ಲಿ ಪ್ರಕಟಿಸಿದವರು ಚೀನಾದ ವಿದ್ವಾಂಸರು. ನಾವು ಅವರನ್ನು ನಿಂದಿಸುವುದಿಲ್ಲ, ವಿದ್ಯೆಗೆ ಗಡಿಯಿಲ್ಲ. ಆದರೆ ನಮ್ಮ ಕುಲದೇವರ ಮುಂದಿಡುವ ಹಿಂಗಾರದ ಜಾತಕವನ್ನು ಪರರಿಂದ ಕೇಳಿ ತಿಳಿಯುವಂತಾದುದು ನಮ್ಮ ಸ್ವಾಭಿಮಾನವನ್ನು ಕುಟುಕಬೇಕು.

ವಂಶವಾಹಿಯ ವಿದ್ಯೆಯೆಂದೊಡನೆ ಕೆಲವರು ಬೆಚ್ಚುವರು. ಅದಕ್ಕೆ ಕಾರಣವೂ ಉಂಟು. ಬಿಟಿ ಬದನೆಯನ್ನು ಸಿದ್ಧಪಡಿಸುವಾಗ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಆರಿಸಿದ ಊರ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದಾಗಿತ್ತು. ಸ್ಥಳೀಯ ತಳಿಗಳನ್ನು 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆದು ಬಳಸಲಾಯಿತೇ ಎಂಬ ವಿವಾದವು ಎದ್ದಿತು. 2010ರಲ್ಲಿ ಕೇಂದ್ರ ಸರಕಾರವು ಬಿಟಿ ಬದನೆಯನ್ನೇ ತಡೆಹಿಡಿಯಿತು. ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಳಿಯು ಯಾರದು, ಅದನ್ನು ಮುಟ್ಟುವ ಮೊದಲು ಯಾರನ್ನು ಕೇಳಬೇಕು ಎಂಬ ಪ್ರಶ್ನೆಯು ನ್ಯಾಯವಾದುದೇ. ಆದರೆ ವಂಶವಾಹಿಯನ್ನು ಬದಲಿಸುವುದು ಒಂದು, ಅದನ್ನು ಓದುವುದು ಮತ್ತೊಂದು. ಓದುವ ವಿದ್ಯೆಯಿಂದ ಎಳೆಯ ಸಸಿಯ ಎಲೆಯ ಚೂರೊಂದನ್ನು ಪರೀಕ್ಷಿಸಿ ಅದರ ತಂದೆತಾಯಿಗಳನ್ನು ಪತ್ತೆಹಚ್ಚಬಹುದು. ಹನ್ನೆರಡು ವರ್ಷಗಳ ಹಿಂದೆ ಇಂತಹ ಪರೀಕ್ಷೆಯು ನಮಗೆ ಕೈಗೆಟುಕುವಂತಿದ್ದರೆ ಆರು ವರ್ಷ ಕಾಯಬೇಕಾಗಿರಲಿಲ್ಲ.

ಇನ್ನು ಕೈಗಾರಿಕೆಯ ಮಾತು. ಲೋಕ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನಿಸಿದೆ. ಅಡಿಕೆಯಿಂದ ಬದುಕುವ ಸೀಮೆಯಲ್ಲಿ ಇದನ್ನು ಅಚ್ಚುಹಾಕುವುದು ಪ್ರಿಯವಾದ ಕೆಲಸವಲ್ಲ. ಮುಚ್ಚಿಡುವುದು ಪತ್ರಿಕೆಯ ಧರ್ಮವಲ್ಲ. ಜಗಿಯುವ ಬಾಯಿಯೊಂದನ್ನೇ ನಂಬಿದ ಬೆಳೆಯು ಮುಂದಿನ ತಲೆಮಾರಿಗೆ ಭದ್ರವಾದ ಆಸ್ತಿಯಾಗಲಾರದು. ಹಾಳೆಯಿಂದ ತಟ್ಟೆಗಳಾಗುತ್ತಿವೆ, ಅಡಿಕೆಯ ಚೊಗರಿನಿಂದ ಬಣ್ಣವೂ ಚರ್ಮ ಹದಮಾಡುವ ದ್ರವ್ಯವೂ ದೊರೆಯುವುವು. ಅಡಿಕೆಯ ನೆರಳಿನಲ್ಲಿ ಕೋಕೋ ಬೆಳೆಯಬಹುದೆಂದು ವಿಟ್ಲದ ಪ್ರಯೋಗಗಳು ತೋರಿಸಿದುವು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನು ತೆರೆದು ಆ ಬೆಳೆಗೆ ಮಾರುಕಟ್ಟೆಯನ್ನು ಕೊಟ್ಟಿತು. ಸಂಶೋಧನೆ, ಸಹಕಾರ, ಕಾರ್ಖಾನೆ ಈ ಮೂರೂ ಒಂದೇ ಸೀಮೆಯಲ್ಲಿ ಕೈಹಿಡಿದರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಬಿನ್ನಹ

ಇಷ್ಟನ್ನು ಹೇಳಿದ ಮೇಲೆ ಮಾಡಬೇಕಾದುದೇನೆಂಬುದನ್ನೂ ಹೇಳಬೇಕು. ಮೊದಲನೆಯದಾಗಿ, ಅಡಿಕೆಯ ಸಸಿಗಳನ್ನು ಮಾರುವ ಪ್ರತಿಯೊಂದು ನರ್ಸರಿಯೂ ತಾಯಿಮರ ಯಾವ ತೋಟದ್ದು, ಪರಾಗವನ್ನು ಕೈಯಿಂದ ಹಾಕಿದುದೋ ಗಾಳಿಯಿಂದ ಬಂದುದೋ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ತೋಟಗಾರಿಕೆಯ ಇಲಾಖೆಯು ಅದನ್ನು ತನಿಖೆಮಾಡಬೇಕು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು, ನೋಂದಾಯಿಸಿದ ತಳಿಯು ಹೇಳಿದ ಗುಣವನ್ನು ತೋರಿಸದಿದ್ದರೆ ರೈತನು ಪರಿಹಾರ ಕೇಳಬಹುದೆನ್ನುತ್ತದೆ. ಆದರೆ ಚೀಟಿಯೇ ಇಲ್ಲದ ಸಸಿಗೆ ಯಾವ ಕಾಯಿದೆಯೂ ಕಾವಲಲ್ಲ. ಎರಡನೆಯದಾಗಿ, ತೋಟಗಾರನು ಎಲೆಯ ಚೂರನ್ನು ತಂದು ಅಲ್ಪ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುವ ಏರ್ಪಾಡು ಈ ಮೂರು ತಾಲೂಕುಗಳ ಒಳಗೆ ಎಲ್ಲಿಯಾದರೂ ಆಗಬೇಕು. ಜೀವವಿಜ್ಞಾನವನ್ನು ಬೋಧಿಸುವ ಕಾಲೇಜುಗಳು ಮೂಡಬಿದಿರೆಯಲ್ಲಿಯೇ ಇವೆ. ಅಲ್ಲಿಯ ವಿದ್ಯಾರ್ಥಿಗಳು ಪುಸ್ತಕದ ಬಟಾಣಿಯನ್ನು ಬಿಟ್ಟು ಪಕ್ಕದ ತೋಟದ ಅಡಿಕೆಯ ಮೇಲೆ ಕೈಮಾಡಲಿ. ಮೂರನೆಯದಾಗಿ, ಅಂಗಾಂಶ ಕೃಷಿಯ ಕೆಲಸಕ್ಕೆ ಸರಕಾರವು ಒಂದೆರಡು ವರ್ಷದ ಯೋಜನೆಯ ಬದಲು ಮರದ ಆಯುಷ್ಯಕ್ಕೆ ತಕ್ಕ ದೀರ್ಘಕಾಲದ ಹಣವನ್ನು ಕೊಡಬೇಕು. ನಮ್ಮ ಸಹಕಾರಿ ಸಂಘಗಳೂ ಲಾಭದ ಒಂದು ಪಾಲನ್ನು ಅದಕ್ಕೆ ತೆಗೆದಿಡಬೇಕು.

ತೋಟಗಾರರಲ್ಲಿಯೂ ಒಂದು ಮಾತು. ನಿಮ್ಮ ತೋಟದಲ್ಲಿ ರೋಗದ ನಡುವೆ ಹಸುರಾಗಿ ನಿಂತ ಮರವೊಂದಿದ್ದರೆ ಅದನ್ನು ದೃಷ್ಟಿಯಾದೀತೆಂದು ಬಚ್ಚಿಡಬೇಡಿರಿ. ಗುರುತುಹಾಕಿ ವಿಟ್ಲಕ್ಕೆ ತಿಳಿಸಿರಿ. ಅಂತಹ ಮರಗಳನ್ನು ವಿದ್ವಾಂಸರು ತಾವಾಗಿ ಹುಟ್ಟಿಸಲಾರರು. ಅವು ತೋಟಗಳಲ್ಲಿಯೇ ಸಿಕ್ಕಬೇಕು.

ನಾವು ನೆಟ್ಟ ಇನ್ನೂರರಲ್ಲಿ ಗಿಡ್ಡವಾಗಿಯೇ ಉಳಿದವು ನಲವತ್ತೇಳು. ಕಳೆದ ಮಳೆಗಾಲದಲ್ಲಿ, ದೊಡ್ಡ ಮರಗಳಿಗೆ ಎರಡನೆಯ ಮದ್ದು ಬಿಡುವುದಕ್ಕೆ ಆಳು ದೊರೆಯದೆ ಕಾಯುತ್ತಿದ್ದಾಗ, ಈ ನಲವತ್ತೇಳಕ್ಕೆ ಮನೆಯ ಹುಡುಗರೇ ನೆಲದ ಮೇಲೆ ನಿಂತು ಒಂದು ಬೆಳಗಿನ ಬಿಡುವಿನಲ್ಲಿ ಮದ್ದು ಬಿಟ್ಟು ಮುಗಿಸಿದರು. ದೊಡ್ಡ ಮರಗಳ ಕಾಯಿಗಳು ಆಟಿಯುದ್ದಕ್ಕೂ ಬಿದ್ದುವು. ಇವುಗಳ ಗೊನೆಗಳು ನಿಂತುವು. ಉಳಿದ ನೂರೈವತ್ತಮೂರು ಸಸಿಗಳೂ ಹೇಳಿದಂತಹವೇ ಆಗಿದ್ದಿದ್ದರೆ ಎಂಬ ಯೋಚನೆಯು ಆ ಬೆಳಿಗ್ಗೆ ನಮಗೆ ಬಾರದೆ ಇರಲಿಲ್ಲ.